ಏಳು ಕಲ್ಲಿನ ಶತ್ರುಗಳು

ಬೇಸಿಗೆಯ ರಜೆಗೆ ಬಂದಿದ್ದ ಮೊಮ್ಮಗನು ತನ್ನೊಡನೆ ಇಂಗ್ಲಿಷ್ ಚಿತ್ರಕಥೆಯ ಪುಸ್ತಕವೊಂದನ್ನು ತಂದಿದ್ದನು. ಇಂಥ ಪುಸ್ತಕಗಳಲ್ಲಿ ನನಗೆ ಆದರವಿರಲಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುವೆನು. ಆದರೂ ಮಕ್ಕಳು ಏನನ್ನು ಓದುತ್ತಾರೆಂಬುದನ್ನು ಹಿರಿಯರು ತಿಳಿದಿರಬೇಕಲ್ಲವೇ? ಕೈಗೆತ್ತಿಕೊಂಡವನು ಅದರ ಮೊದಲ ಪುಟಗಳಲ್ಲಿಯೇ ನಿಂತುಬಿಟ್ಟೆನು.

ಅದು 1940ರಲ್ಲಿ ಅಮೆರಿಕದ 'ವಿಜ್ ಕಾಮಿಕ್ಸ್' ಪತ್ರಿಕೆಗಾಗಿ ಬಿಲ್ ಪಾರ್ಕರ್ ಬರೆದು ಸಿ. ಸಿ. ಬೆಕ್ ಚಿತ್ರಿಸಿದ ಕ್ಯಾಪ್ಟನ್ ಮಾರ್ವೆಲ್ ಕಥೆ. ಬಿಲ್ಲಿ ಬ್ಯಾಟ್ಸನ್ ಎಂಬ ಅನಾಥ ಬಾಲಕನಿದ್ದಾನೆ. ತಂದೆ ಬಿಟ್ಟುಹೋದ ಹಣದ ಆಸೆಗೆ ಹತ್ತಿರದ ಬಂಧುವೇ ಅವನನ್ನು ಮನೆಯಿಂದ ಹೊರಹಾಕಿದ್ದಾನೆ. ಪತ್ರಿಕೆ ಮಾರಿ ಬದುಕುವ ಹುಡುಗನಿಗೆ ನೆಲದಡಿಯ ರೈಲು ನಿಲ್ದಾಣವೇ ಮಲಗುವ ತಾಣ. ಒಂದು ರಾತ್ರಿ ಅಪರಿಚಿತನೊಬ್ಬನು ಅವನನ್ನು ವಿಚಿತ್ರವಾದ ರೈಲಿನಲ್ಲಿ ಭೂಗರ್ಭದ ಸಭಾಂಗಣಕ್ಕೆ ಕರೆದೊಯ್ಯುತ್ತಾನೆ. ಅಲ್ಲಿ ಏಳು ವಿಕಾರ ಶಿಲಾಪ್ರತಿಮೆಗಳು ಸಾಲಾಗಿವೆ: ಗರ್ವ, ಅಸೂಯೆ, ದುರಾಸೆ, ದ್ವೇಷ, ಸ್ವಾರ್ಥ, ಸೋಮಾರಿತನ, ಅನ್ಯಾಯ. ಇವು ಮನುಷ್ಯನ ಏಳು ಮಾರಕ ಶತ್ರುಗಳಂತೆ. ಇವುಗಳ ಮುಂದೆ ಹಾದುಹೋದ ಬಳಿಕವೇ ಷಜಾಮ್ ಎಂಬ ವೃದ್ಧನ ದರ್ಶನ. ಆತನ ಹೆಸರನ್ನು ಉಚ್ಚರಿಸಿದೊಡನೆ ಬಾಲಕನು ಮಹಾವೀರನಾಗುತ್ತಾನೆ.

'ಶತ್ರು' ಎಂಬ ಪದವೇ ನನ್ನನ್ನು ಹಿಡಿದು ನಿಲ್ಲಿಸಿತು. ಬಾಲ್ಯದಲ್ಲಿ ಮಠದ ಪಡಸಾಲೆಯಲ್ಲಿ ಕುಳಿತು ನಾವು ಒಪ್ಪಿಸುತ್ತಿದ್ದ ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರಗಳಿಗೂ ಅರಿಷಡ್ವರ್ಗವೆಂದೇ ಹೆಸರು. ಅರಿ ಎಂದರೆ ಹಗೆ. ಆರನೇ ಶತಮಾನದ ಪೋಪ್ ಗ್ರೆಗೊರಿಯ ಕಾಲದಿಂದ ಕ್ರೈಸ್ತರಲ್ಲಿಯೂ ಏಳು ಮಹಾಪಾಪಗಳ ಗಣನೆಯಿದೆ. ಅದರಲ್ಲಿ ಕಾಮವೂ ಹೊಟ್ಟೆಬಾಕತನವೂ ಉಂಟು. ಪಾರ್ಕರ್ ಅವರ ಪಟ್ಟಿಯಲ್ಲಿ ಇವೆರಡೂ ಇಲ್ಲ. ಮಕ್ಕಳ ಪುಸ್ತಕವೆಂಬುದೇ ಕಾರಣವಿದ್ದೀತು. ಅವುಗಳ ಬದಲಿಗೆ ಸ್ವಾರ್ಥ ಬಂದಿದೆ, ಅನ್ಯಾಯ ಬಂದಿದೆ.

ಈ ಅನ್ಯಾಯವೆಂಬ ಏಳನೆಯ ಕಲ್ಲು ನಮ್ಮ ಆರರಲ್ಲಿಯೂ ಇಲ್ಲ, ಅವರ ಪ್ರಾಚೀನ ಏಳರಲ್ಲಿಯೂ ಇಲ್ಲ. ಮದ ಮತ್ಸರಗಳು ಒಬ್ಬನೇ ಕುಳಿತಿರುವಾಗಲೂ ಮನಸ್ಸಿನಲ್ಲಿ ಏಳಬಲ್ಲವು. ಅನ್ಯಾಯಕ್ಕಾದರೋ ಇಬ್ಬರು ಬೇಕು: ಮಾಡುವವನೊಬ್ಬ, ಉಣ್ಣುವವನೊಬ್ಬ. ಬಿಲ್ಲಿ ಅದನ್ನು ಪ್ರತಿಮೆಯಾಗಿ ಕಾಣುವ ಮೊದಲೇ ತನ್ನ ಮನೆಯಲ್ಲಿ ಉಂಡಿದ್ದನು. ಈಚಿನ ಕಥೆಗಾರರು ಈ ಪಟ್ಟಿಯನ್ನು ತಿದ್ದಿ ಸಾಂಪ್ರದಾಯಿಕ ಏಳು ಪಾಪಗಳನ್ನೇ ತಂದು ಕೂರಿಸಿದ್ದಾರೆ. ನನ್ನ ಮಟ್ಟಿಗೆ ಅದು ನಷ್ಟವೇ.

(ಸೂಪರ್‌ಮ್ಯಾನ್ ಒಡೆಯರು ಅನುಕರಣೆಯ ದಾವೆ ಹೂಡಿ, 1953ರಲ್ಲಿ ಈ ವೀರನ ಪ್ರಕಟಣೆಯೇ ನಿಂತಿತು. ಎಪ್ಪತ್ತರ ದಶಕದಲ್ಲಿ ಆ ಒಡೆಯರೇ ಅವನನ್ನು ಮತ್ತೆ ಪ್ರಕಟಿಸತೊಡಗಿದರು! ಅಲ್ಲಿ ಏಳರಲ್ಲಿ ಯಾವ ಶತ್ರುವಿನ ಕೈವಾಡವಿತ್ತೋ.)

ದುರ್ಗುಣಕ್ಕೆ ದೇಹ ಕೊಡುವ ಕ್ರಮ ನಮಗೇನೂ ಹೊಸದಲ್ಲ. ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ಬನವಸೆಯ ಅರಸನ ಹೆಸರೇ ಮಮಕಾರ, ಮಗಳು ಮಾಯೆ. ಅಲ್ಲಮನ ತಂದೆ ನಿರಹಂಕಾರ, ತಾಯಿ ಸುಜ್ಞಾನಿ. ಆದರೆ ಚಾಮರಸನ ಮಾಯೆಗೆ ಕೋರೆಹಲ್ಲಿಲ್ಲ, ಕೊಂಬಿಲ್ಲ. ಆಕೆ ಚೆಲುವೆ, ನೃತ್ಯಬಲ್ಲವಳು. ಕೆಡುಕು ವಿಕಾರವಾಗಿಯೇ ಬರುತ್ತದೆಂದು ಕಲಿತ ಮಗು, ಅದು ಚೆಂದವಾಗಿ ಬಂದಾಗ ಗುರುತಿಸೀತೇ? ಕೋರೆಹಲ್ಲಿನವನನ್ನು ಗುದ್ದಿ ಕೆಡವಿದರೆ ಮುಗಿಯಿತು ಎಂದುಕೊಂಡೀತೇ? ಚಿತ್ರಕಥೆಗಳ ರಾಕ್ಷಸರ ಬಗ್ಗೆ ನನಗಿದ್ದ ಮುಖ್ಯ ಆತಂಕವಿದು.

ಮೊಮ್ಮಗನು ಈ ಆತಂಕಕ್ಕೆ ಉತ್ತರವಾಗಿ 2019ರ 'ಷಜಾಮ್' ಚಲನಚಿತ್ರದ ಕಥೆ ಹೇಳಿದನು. ಅನಂತರ ಜೊತೆಯಲ್ಲಿ ಕುಳಿತು ನೋಡಿದೆನು. ಅದರಲ್ಲಿ ಏಳು ಪಾಪಗಳು ಶಿಲೆಯ ಸೆರೆಯಿಂದ ಹೊರಬಂದು ಸಿವಾನಾ ಎಂಬವನನ್ನು ಸೇರುತ್ತವೆ. ಇವನು ಬಾಲ್ಯದಲ್ಲಿ ಆ ವೃದ್ಧನಿಂದ ಅಯೋಗ್ಯನೆನಿಸಿ, ಆ ಕಹಿಯನ್ನೇ ಹೊತ್ತು ಬೆಳೆದವನು. ಕೊನೆಯ ಕಾಳಗದಲ್ಲಿ ಉಳಿದ ಆರೂ ಹೊರಗೆ ಬಂದು ಹೋರಾಡುತ್ತವೆ. ಅಸೂಯೆಯೊಂದು ಮಾತ್ರ ಅವನೊಳಗೆ ಅಡಗಿರುತ್ತದೆ. ಅದನ್ನು ವೀರನು ಬಲದಿಂದ ಎಳೆಯುವುದಿಲ್ಲ. ನೀನೇ ಎಲ್ಲರಿಗಿಂತ ಕೈಲಾಗದವನೆಂದು ಹೀಯಾಳಿಸುತ್ತಾನೆ. ತನ್ನನ್ನು ಕಡಿಮೆಯೆಂದದ್ದನ್ನು ತಾಳಲಾರದೆ ಅದು ತಾನಾಗಿಯೇ ಹೊರಬೀಳುತ್ತದೆ. ಮತ್ಸರದ ಸ್ವಭಾವವನ್ನು ಇಷ್ಟು ಸರಿಯಾಗಿ ಬಲ್ಲವರು ಅಲ್ಲಿದ್ದಾರೆಂದು ನಾನು ತಿಳಿದಿರಲಿಲ್ಲ.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಹುಡುಗನು ಕೇಳಿದನು: "ಅಜ್ಜಾ, ಈ ಏಳರಾಗ ನಿಮ್ಮೊಳಗ ಯಾವುದು ಐತಿ?"

ಸೊಸೆ ಅವನನ್ನು ಗದರಿಸಿದಳು. ನಾನು ತಡೆದೆನು. ಮಠದಲ್ಲಿ ನನ್ನ ಜೊತೆಗೊಬ್ಬ ಓದುಗನಿದ್ದನು. ಒಮ್ಮೆ ಕೇಳಿದ್ದನ್ನು ಮರೆಯದವನು. ಅವನ ಓದನ್ನು ಗುರುಗಳು ಹೊಗಳಿದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಬಡತನದಿಂದ ಅವನು ಓದು ಬಿಟ್ಟು ಊರಿಗೆ ಹೊರಟಾಗ ಎಲ್ಲರೂ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆನು, ಆದರೆ ಅವು ಒದ್ದೆಯಾಗಿರಲಿಲ್ಲ. ಐವತ್ತು ವರ್ಷ ಯಾರಿಗೂ ಹೇಳದಿದ್ದುದನ್ನು ಮೊಮ್ಮಗನಿಗೆ ಹೇಳಿದೆನು.

ಹುಡುಗನು ಕೈ ತೊಳೆದು ಬಂದು, ಪುಸ್ತಕ ತೆರೆದು, ಅಸೂಯೆಯ ಪ್ರತಿಮೆಯನ್ನು ಹುಡುಕಿ ಬಹಳ ಹೊತ್ತು ನೋಡಿದನು. "ನಿಮ್ಮಂಗ ಇಲ್ಲ ಬಿಡ್ರಿ ಅಜ್ಜಾ" ಎಂದನು.