ಮೊಬೈಲ್ ಚೀಲದಲ್ಲಿರಲಿ, ಮಗುವಿನ ಜೊತೆ ಮಾತಿರಲಿ

ಸಂಬಂಧಿಕರ ಮನೆಗೆ ಹೊರಡುತ್ತೇವೆ. ಬಸ್ಸಿನಲ್ಲಿ ಕೂತ ಕೂಡಲೇ ಮಗು ಹಠ ಹಿಡಿಯುತ್ತದೆ. ನಾವು ಮೊಬೈಲ್ ಕೊಡುತ್ತೇವೆ. ಮಗು ಸುಮ್ಮನಾಗುತ್ತದೆ. ಮಾತು ಕಲಿಯಬೇಕಾದ ಪ್ರಾಯದಲ್ಲಿ ಸುಮ್ಮನಾಗುವುದೇ ತೊಂದರೆ.

ನಮ್ಮ ಮನೆಯಲ್ಲೂ ಇದೇ ಆಯಿತು. ಎರಡೂವರೆ ವರ್ಷವಾದರೂ ಮಗನ ಬಾಯಲ್ಲಿ ಹತ್ತು-ಹನ್ನೆರಡು ಪದ ಮಾತ್ರ. "ಗಂಡುಮಕ್ಕಳಿಗೆ ಮಾತು ತಡ, ಬಿಡಿ" ಅಂದರು ಕೆಲವರು. "ಮನೆಯಲ್ಲಿ ಬ್ಯಾರಿ, ಹೊರಗೆ ತುಳು, ಕನ್ನಡ. ಮಗುವಿಗೆ ಗೊಂದಲ. ಬ್ಯಾರಿ ನಿಲ್ಲಿಸಿ" ಅಂದರು ಇನ್ನು ಕೆಲವರು. ವಾಕ್ ಚಿಕಿತ್ಸಕರು ಮೊದಲು ಕಿವಿ ಪರೀಕ್ಷೆ ಮಾಡಿಸಿದರು. ಕಿವಿ ಸರಿ ಇತ್ತು. ಎರಡು-ಮೂರು ಭಾಷೆ ಕೇಳಿದ್ದಕ್ಕೆ ಮಾತು ತಡವಾಗುವುದಿಲ್ಲ, ನಿಮಗೆ ಸಲೀಸಾದ ಭಾಷೆಯಲ್ಲೇ ಮಾತಾಡಿ ಎಂದರು. ಉಮ್ಮನ ಭಾಷೆಯನ್ನು ನಾವು ಬಿಡಬೇಕಾಗಲಿಲ್ಲ.

ಮತ್ತೆ ಮಂಗಳೂರಿನ ದಕ್ಕೆಗೆ ಮೀನಿಗೆ ಹೋಗುವಾಗ ಮಗನನ್ನೂ ಕರಕೊಂಡು ಹೋದೆವು. "ಇದೇನು? ಹೇಳು, ಹೇಳು" ಎಂದು ಪರೀಕ್ಷೆ ಮಾಡಲಿಲ್ಲ. ಅವನು ನೋಡಿದ್ದರ ಬಗ್ಗೆಯೇ ಮಾತಾಡಿದೆವು. ಅವನು "ಮೀನ್" ಅಂದರೆ, "ಹೌದು, ದೊಡ್ಡ ಮೀನ್" ಎಂದು ಒಂದು ಪದ ಸೇರಿಸಿದೆವು. "ಬಂಗುಡೆ ಬೇಕಾ, ಬೂತಾಯಿ ಬೇಕಾ?" ಎಂದು ಕೇಳಿ, ಮನಸ್ಸಿನಲ್ಲೇ ಐದರವರೆಗೆ ಎಣಿಸಿ ಕಾದೆವು. ಕಾಯುವುದೇ ಕಷ್ಟ ಮಾರಾಯ್ರೆ! ಉತ್ತರವನ್ನು ನಾವೇ ಹೇಳಿಬಿಡುವ ಅಭ್ಯಾಸ ನಮಗೆ. ಮೊದಲೆಲ್ಲ ಬೆರಳು ತೋರಿಸಿದ. ಕೆಲವು ವಾರದ ನಂತರ "ಬಂಗುಡೆ" ಬಂತು.

ಇದಕ್ಕೆ ದುಡ್ಡು ಬೇಡ, ಪ್ರತ್ಯೇಕ ಸಮಯವೂ ಬೇಡ. ಬೆಂಗರೆಯ ಫೆರ್ರಿಯಲ್ಲಿ "ದೋಣಿ ಹೋಯ್ತು, ಹಕ್ಕಿ ಬಂತು", ಪಣಂಬೂರಿನ ಕಡಲತೀರದಲ್ಲಿ "ಕಾಲು ಒದ್ದೆ, ಮರಳು ಬಿಸಿ", ಇಷ್ಟು ಸಾಕು. ಮನೆಗೆ ಬಂದ ಮೇಲೆ ಕಂಡದ್ದನ್ನು ಮಗುವೇ ಹಿರಿಯರಿಗೆ ಹೇಳಲಿ. ಅರ್ಧ ಹೇಳಿದರೂ ಕೇಳಬೇಕು, ನಗಬಾರದು.

ಆದರೆ ಬರೀ ತಿರುಗಾಟವನ್ನೇ ನಂಬಿ ಕೂರುವುದೂ ಬೇಡ. ಒಂದು ವರ್ಷಕ್ಕೆ ಹೆಸರು ಕರೆದರೆ ತಿರುಗದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಜೋಡಿಸದಿದ್ದರೆ, ಬಂದ ಮಾತು ನಿಂತುಹೋದರೆ ತೋರಿಸಲೇಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳ ತಪಾಸಣೆ ಉಚಿತ ಉಂಟು. ಹತ್ತಿರದ ಅಂಗನವಾಡಿಯಲ್ಲಿ ವಿಚಾರಿಸಬಹುದು. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. "ಜನ ಏನು ಹೇಳ್ತಾರೋ" ಎಂದು ನಾವು ಆರು ತಿಂಗಳು ಕಳೆದೆವು. ನೀವು ಕಳೆಯಬೇಡಿ.