ಕಾಲಾಣೆಯ ಕಾರ್ಡು, ಖಾನಾಪುರದ ದಾರಿ

1879ರ ಜುಲೈ 1ರಂದು ಅಂಚೆ ಇಲಾಖೆಯು ಕಾಲಾಣೆ, ಅಂದರೆ ರೂಪಾಯಿಯ 64ನೆಯ ಒಂದು ಭಾಗ, ಬೆಲೆಯ ಕಾರ್ಡನ್ನು ಹೊರತಂದಾಗ, 1876–78ರ ಬರಗಾಲದಿಂದ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದ ಬೆಳಗಾವಿ ಜಿಲ್ಲೆಯ ಕುಟುಂಬಗಳಿಗೆ ದೂರದ ನೆಂಟರನ್ನು ಮುಟ್ಟುವ ಅಗ್ಗದ ದಾರಿಯೊಂದು ದೊರೆಯಿತು.

ಓದುಬರಹ ಬಲ್ಲವರು ವಿರಳವಾಗಿದ್ದುದರಿಂದ ಹಳ್ಳಿಯ ಪತ್ರವನ್ನು ಹೆಚ್ಚಾಗಿ ಊರಿನ ಲೆಕ್ಕಪತ್ರ ಇಡುವ ಕುಲಕರ್ಣಿಯೋ ಶಾಲೆಯ ಮಾಸ್ತರನೋ ಬರೆದುಕೊಡುತ್ತಿದ್ದ. ಹೇಳಿ ಬರೆಯಿಸಿದವಳು ತಾಯಿಯಾಗಿದ್ದರೂ ಅಕ್ಷರ ಅವನದೇ ಆದ್ದರಿಂದ, ಇಂಥ ಪತ್ರಗಳಲ್ಲಿ ಹೆಣ್ಣಿನ ದನಿಯನ್ನು ಹುಡುಕುವವರು ತುಸು ಎಚ್ಚರದಿಂದಿರಬೇಕು. ಕನ್ನಡ, ಮರಾಠಿ ಎರಡೂ ಬಳಕೆಯಲ್ಲಿದ್ದ ಈ ಸೀಮೆಯಲ್ಲಿ ಮೋಡಿ, ಎಂದರೆ ಲೇಖನಿಯನ್ನು ಹೆಚ್ಚು ಎತ್ತದೆ ಅವಸರದಲ್ಲಿ ಬರೆಯುವ ಮರಾಠಿಯ ಕೂಡುಲಿಪಿ, ವ್ಯವಹಾರಕ್ಕೆ ಒದಗುತ್ತಿತ್ತು. ಪತ್ರದ ರೂಢಿಯ ಮಾತಾದ ಒಕ್ಕಣೆಯು ಮೇಲ್ತುದಿಯ ‘ಶ್ರೀ’ಕಾರದಿಂದ ತೊಡಗಿ, ಹಿರಿಯರನ್ನು ‘ತೀರ್ಥರೂಪ’ರೆಂದೂ ಕಿರಿಯರನ್ನು ‘ಚಿರಂಜೀವಿ’ಯೆಂದೂ ಸಂಬೋಧಿಸಿ, ಉಭಯ ಕುಶಲೋಪರಿ ಮುಗಿದ ಮೇಲೆಯೇ ಮಳೆ, ಬಿತ್ತನೆ, ಎತ್ತಿನ ಬೆಲೆ, ಮಗಳ ಬಾಣಂತನಗಳಿಗೆ ಇಳಿಯುತ್ತಿತ್ತು. ಸಾವಿನ ಸುದ್ದಿಯ ಕಾರ್ಡಿನ ಮೂಲೆಯನ್ನು ಹರಿಯುವ ರೂಢಿಯಿದ್ದುದರಿಂದ, ಓದಲು ಬಾರದವರಿಗೂ ಅದು ಕೈಗೆ ಬಂದ ಕೂಡಲೇ ತಿಳಿದುಹೋಗುತ್ತಿತ್ತು.

ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತಿನ ಕಾಡುಹಳ್ಳಿಗಳಲ್ಲಿ ಮಳೆಗಾಲದ ಹಳ್ಳಗಳೇ ಟಪಾಲನ್ನು ತಡೆಯುತ್ತಿದ್ದವು. 1880ರ ದಶಕದ ಕೊನೆಯ ಹೊತ್ತಿಗೆ ಸದರ್ನ್ ಮರಾಠಾ ರೈಲ್ವೆಯ ಹಳಿ ಬೆಳಗಾವಿಯನ್ನು ಖಾನಾಪುರದ ಮೂಲಕ ಲೋಂಡಾಕ್ಕೆ ಜೋಡಿಸಿದ ಮೇಲೆ ಟಪಾಲಿನ ಚೀಲ ರೈಲನ್ನೇರಿತಾದರೂ, ಕೊನೆಯ ಹರದಾರಿಗಳನ್ನು ಮಾತ್ರ ಹರಕಾರನ, ಅಂದರೆ ಅಂಚೆಯಾಳಿನ, ಕಾಲುಗಳೇ ದಾಟಬೇಕಿತ್ತು.