ಗೊರಕೆ ನಿಂತಾಗ ಕಿವಿಗೊಡಿ

ಮದುವೆ ಛತ್ರದಲ್ಲಿ ಜಮಖಾನದ ಮೇಲೆ ಸಾಲಾಗಿ ಮಲಗಿದ ರಾತ್ರಿಯನ್ನು ನೆನಪಿಸಿಕೊಳ್ಳಿ. ಮೂಲೆಯಲ್ಲಿ ಮಲಗಿದ ಸೋದರಮಾವನ ಗೊರಕೆ ಇಡೀ ಹಾಲ್ ತುಂಬಿರುತ್ತದೆ. ಏರುತ್ತ ಏರುತ್ತ ಹೋದದ್ದು ಗಕ್ಕನೆ ನಿಲ್ಲುತ್ತದೆ. ಸದ್ಯ ನಿಂತಿತಲ್ಲ ಎಂದು ಪಕ್ಕದವರು ಮಗ್ಗುಲು ಬದಲಿಸುವಷ್ಟರಲ್ಲಿ, ಗಂಟಲಿಗೆ ಏನೋ ಸಿಕ್ಕಿಕೊಂಡವರಂತೆ ಮಾವ ಜೋರಾಗಿ ಉಸಿರೆಳೆದು ಮತ್ತೆ ಶುರು ಹಚ್ಚಿಕೊಳ್ಳುತ್ತಾರೆ. ಬೆಳಿಗ್ಗೆ ಕೇಳಿದರೆ ‘ನನಗೆ ರಾತ್ರಿಯಿಡೀ ನಿದ್ದೆಯೇ ಇಲ್ಲ’ ಅನ್ನುತ್ತಾರೆ. ಎಲ್ಲರೂ ನಗುತ್ತಾರೆ. ಆದರೆ ಅವರು ಹೇಳಿದ್ದು ನಿಜವೇ ಇರಬಹುದು.

ಎಚ್ಚರವಿರುವಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ಉಸಿರಿನ ದಾರಿಯನ್ನು ತೆರೆದಿಟ್ಟಿರುತ್ತವೆ. ನಿದ್ದೆ ಹತ್ತಿದಂತೆ ಅವು ಸಡಿಲವಾಗುತ್ತವೆ. ಅಂಗಾತ ಮಲಗಿದ್ದರೆ ನಾಲಿಗೆಯ ಬುಡವೂ ಹಿಂದಕ್ಕೆ ಜಾರುತ್ತದೆ. ಹೀಗೆ ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಮೆತ್ತಗಿನ ಅಂಗುಳ ಮತ್ತು ಕಿರುನಾಲಿಗೆ ಅದುರುತ್ತವೆ. ಆ ಅದುರಿನ ಸದ್ದೇ ಗೊರಕೆ. ಮೂಗು ಕಟ್ಟಿದವರು, ಮೂಗಿನ ನಡುಗೋಡೆ ಡೊಂಕಾಗಿರುವವರು, ಕುತ್ತಿಗೆಯ ಸುತ್ತ ಕೊಬ್ಬು ಕೂಡಿಕೊಂಡವರು ಹೆಚ್ಚಾಗಿ ಗೊರೆಯುತ್ತಾರೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಇದು ಹೆಚ್ಚುತ್ತದೆ. ಸಂಕೋಚಕ್ಕೆ ಅವರು ಹೇಳಿಕೊಳ್ಳುವುದಿಲ್ಲ, ಅಷ್ಟೆ.

ಮನೆಯಲ್ಲೇ ಮಾಡಬಹುದಾದದ್ದರಲ್ಲಿ ಎಲ್ಲಕ್ಕಿಂತ ಸುಲಭವಾದದ್ದು ಮಗ್ಗುಲಾಗಿ ಮಲಗುವುದು. ನಿದ್ದೆಯಲ್ಲಿ ಮತ್ತೆ ಅಂಗಾತ ಹೊರಳುವವರಿಗೆ ಹಳೆಯ ಉಪಾಯವೊಂದಿದೆ: ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ಟೆನಿಸ್ ಚೆಂಡು ತುರುಕುವುದು. ಕೇಳಲು ತಮಾಷೆಯಾಗಿದೆ, ಆದರೆ ಅಂಗಾತ ಮಲಗಿದಾಗ ಮಾತ್ರ ಗೊರಕೆ ಬರುವವರಿಗೆ ಉಪಯೋಗಕ್ಕೆ ಬರುತ್ತದೆ. ಎರಡು ದಿಂಬು ಪೇರಿಸಿಕೊಂಡರೆ ಕುತ್ತಿಗೆ ಮಡಚಿ ದಾರಿ ಇನ್ನಷ್ಟು ಕಿರಿದಾಗಬಹುದು. ಅದರ ಬದಲು ಮಂಚದ ತಲೆಭಾಗದ ಕಾಲುಗಳಿಗೆ ಮರದ ತುಂಡು ಕೊಟ್ಟು ಸ್ವಲ್ಪ ಎತ್ತರಿಸಿ. ಮದ್ಯ ಗಂಟಲಿನ ಸ್ನಾಯುಗಳನ್ನು ಮತ್ತಷ್ಟು ಸಡಿಲಗೊಳಿಸುತ್ತದೆ. ಮಲಗುವ ಮೂರ್ನಾಲ್ಕು ಗಂಟೆ ಮೊದಲಿನಿಂದಲಾದರೂ ಅದು ಬೇಡ. ನಿದ್ದೆ ಮಾತ್ರೆಯದೂ ಇದೇ ಗುಣ, ಆದರೆ ಅದನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಬೀಡಿ ಸಿಗರೇಟು ಗಂಟಲನ್ನು ಊದಿಸುತ್ತವೆ. ತೂಕ ಹೆಚ್ಚಿರುವವರಲ್ಲಿ ಶೇ 10ರಷ್ಟು ಇಳಿದರೂ ವ್ಯತ್ಯಾಸ ಕಾಣುತ್ತದೆ.

ಮೂಗು ಕಟ್ಟಿದ್ದರೆ ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಜಲನೇತಿ ಮಾಡಬಹುದು. ಅಂಗಡಿಯಲ್ಲಿ ಸಿಗುವ, ಮೂಗು ಬಿಡಿಸುವ ಡ್ರಾಪ್ಸ್ ಅನ್ನು ಮೂರ್ನಾಲ್ಕು ದಿನಕ್ಕಿಂತ ಹೆಚ್ಚು ಹಾಕಿದರೆ ಮೂಗು ಮೊದಲಿಗಿಂತ ಜೋರಾಗಿ ಕಟ್ಟಬಹುದು. ಬಾಯಿಗೆ ಟೇಪ್ ಅಂಟಿಸಿ ಮಲಗುವ ರೀಲ್ಸ್ ನೋಡಿ ಮರುಳಾಗಬೇಡಿ. ಮೂಗು ಕಟ್ಟಿದವರಿಗೆ ಅದು ಇದ್ದೊಂದು ಬಾಗಿಲಿಗೂ ಅಗಳಿ ಹಾಕಿದಂತೆ. ಗಂಟಲಿನ ವ್ಯಾಯಾಮದಿಂದ ಕೆಲವರಿಗೆ ಲಾಭವಿದೆ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಡಿಜೆರಿಡೂ ಎಂಬ ಉದ್ದನೆಯ ಊದುವ ವಾದ್ಯವನ್ನು ಅಭ್ಯಾಸ ಮಾಡಿದವರಲ್ಲಿ ತೊಂದರೆ ತಗ್ಗಿದ್ದನ್ನು ಸ್ವಿಟ್ಜರ್ಲೆಂಡಿನ ಸಂಶೋಧಕರು 2006ರಲ್ಲಿ ಪ್ರಕಟಿಸಿದರು. 2017ರಲ್ಲಿ ಅವರಿಗೆ ಇಗ್ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಮನೆಯವರ ಶಾಂತಿಗೆ ಇರಬೇಕು.

ಇನ್ನು ಸೋದರಮಾವನ ವಿಷಯ. ಸದ್ದು ಗಕ್ಕನೆ ನಿಂತ ಹೊತ್ತಿನಲ್ಲಿ ಅವರ ಉಸಿರಿನ ದಾರಿ ಪೂರ್ತಿ ಮುಚ್ಚಿರಬಹುದು. ಹತ್ತು ಸೆಕೆಂಡಾದರೂ ಉಸಿರು ನಿಂತರೆ ಅದನ್ನು ವೈದ್ಯರು ಆಪ್ನಿಯ ಎನ್ನುತ್ತಾರೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಬೆಚ್ಚಿ ಒಂದು ಕ್ಷಣ ಎಬ್ಬಿಸುತ್ತದೆ, ಗಂಟಲು ತೆರೆದುಕೊಳ್ಳುತ್ತದೆ. ಮಲಗಿದವರಿಗೆ ಇದರ ನೆನಪೇ ಇರುವುದಿಲ್ಲ. ಉಸಿರು ನಿಲ್ಲುವುದು ಅಥವಾ ತೀರಾ ಕಿರಿದಾಗುವುದು ಗಂಟೆಗೆ 5ರಿಂದ 15ರೊಳಗಿದ್ದರೆ ಸೌಮ್ಯ, 30 ದಾಟಿದರೆ ತೀವ್ರ. ಎಂದರೆ ಎರಡು ನಿಮಿಷಕ್ಕೊಮ್ಮೆ! ರಕ್ತದೊತ್ತಡ, ಹೃದಯದ ಲಯ ತಪ್ಪುವುದು, ಪಾರ್ಶ್ವವಾಯು ಇವೆಲ್ಲಕ್ಕೂ ಇದರ ನಂಟಿದೆ. ‘ಆಫ್ರಿಕಾದಲ್ಲಿ ಶೀಲಾ’ ಚಿತ್ರಕ್ಕೆ ಸಂಗೀತ ಕೊಟ್ಟ ಬಪ್ಪಿ ಲಹರಿ 2022ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ವೈದ್ಯರು ಹೇಳಿದ ಕಾರಣ ಇದೇ ಕಾಯಿಲೆ.

ಹಾಗಾಗಿ ಉಸಿರು ನಿಲ್ಲುವುದನ್ನು ಯಾರಾದರೂ ಕಂಡಿದ್ದರೆ, ಉಸಿರುಗಟ್ಟಿ ಏಳುತ್ತಿದ್ದರೆ, ಬೆಳಿಗ್ಗೆ ತಲೆನೋವು, ಹಗಲಿಡೀ ತೂಕಡಿಕೆ, ಮಾತ್ರೆಗೂ ಬಗ್ಗದ ಬಿಪಿ ಇದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ. ಸಿಗ್ನಲ್‌ನಲ್ಲಿ ನಿಂತಾಗಲೇ ಕಣ್ಣು ಮುಚ್ಚುವಷ್ಟು ನಿದ್ದೆ ಬರುತ್ತಿದ್ದರೆ ಪರೀಕ್ಷೆ ಆಗುವವರೆಗೆ ಸ್ಟೇರಿಂಗ್ ಹಿಡಿಯಬೇಡಿ. ಮಕ್ಕಳ ಗೊರಕೆಯನ್ನೂ ಮುದ್ದಾಗಿದೆ ಎಂದು ಬಿಡಬಾರದು. ಟಾನ್ಸಿಲ್, ಅಡಿನಾಯ್ಡ್ ಊದಿರುವ ಮಗು ಬಾಯಿ ತೆರೆದು ಮಲಗುತ್ತದೆ, ಹಗಲು ತೂಕಡಿಸುವ ಬದಲು ಹಟ, ಚಂಚಲತೆ ತೋರಬಹುದು.

ಮೊದಲು ಇಎನ್‌ಟಿ ಅಥವಾ ಶ್ವಾಸಕೋಶ ತಜ್ಞರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ದೆಯ ತೊಂದರೆಗಳಿಗೂ ಚಿಕಿತ್ಸೆ ಇದೆ. ತಜ್ಞರು ಸ್ಲೀಪ್ ಸ್ಟಡಿ, ಎಂದರೆ ನಿದ್ದೆಯ ಪರೀಕ್ಷೆ, ಬರೆಯಬಹುದು. ತಲೆಗೆ ವೈರು, ಎದೆಗೆ ಪಟ್ಟಿ, ಕೋವಿಡ್ ಕಾಲದಲ್ಲಿ ಎಲ್ಲರೂ ಕಂಡ ಬೆರಳಿನ ಕ್ಲಿಪ್ಪು, ಇಷ್ಟನ್ನು ಹಾಕಿಕೊಂಡು ಒಂದು ರಾತ್ರಿ ಮಲಗಬೇಕು. ನೋವಿಲ್ಲ. ತೀವ್ರವಾಗಿದ್ದರೆ ಸಿಪ್ಯಾಪ್ ಯಂತ್ರ. ಆಸ್ಟ್ರೇಲಿಯಾದ ಕಾಲಿನ್ ಸುಲಿವನ್ 1981ರಲ್ಲಿ ಜಗತ್ತಿಗೆ ಪರಿಚಯಿಸಿದ ಈ ಯಂತ್ರ ಮಾಸ್ಕ್ ಮೂಲಕ ಒತ್ತಡದ ಗಾಳಿ ಕಳಿಸಿ ಗಂಟಲು ಮುಚ್ಚದಂತೆ ಹಿಡಿದಿಡುತ್ತದೆ. ಕನ್ನಡಕದಂತೆ, ಹಾಕಿದಷ್ಟು ಹೊತ್ತು ಮಾತ್ರ ಕೆಲಸ. ಮೊದಲ ವಾರ ಕಿರಿಕಿರಿ ಎಂದು ಬೀರುವಿಗೆ ಸೇರಿಸಿದವರು ಬಹಳ. ಮಾಸ್ಕಿನ ಅಳತೆ ಬದಲಿಸಿದರೆ ಎಷ್ಟೋ ಜನರಿಗೆ ಹೊಂದಿಕೊಳ್ಳುತ್ತದೆ. ಸೌಮ್ಯವಾಗಿದ್ದವರಿಗೆ ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ದಂತ ಸಾಧನವಿದೆ.

ವೈದ್ಯರ ಬಳಿ ಹೋಗುವಾಗ ಒಬ್ಬರೇ ಹೋಗಬೇಡಿ. ಪಕ್ಕದಲ್ಲಿ ಮಲಗುವವರನ್ನೂ ಕರೆದೊಯ್ಯಿರಿ, ಜೊತೆಗೆ ಅವರ ಫೋನಿನಲ್ಲಿ ಐದು ನಿಮಿಷದ ವಿಡಿಯೊ ಇರಲಿ.